ಮನೆಯ ರಿವಾಲ್ವರ್‌ಗೆ ಯಾವ ಗುಂಡು?

ಸದ್ದಿನಿಂದಲೇ ಶುರು ಮಾಡೋಣ. ಮುಚ್ಚಿದ ಕೋಣೆಯಲ್ಲಿ .357 ಮ್ಯಾಗ್ನಮ್ ಎಂಬ ಜೋರಿನ ಗುಂಡು ಹಾರಿದರೆ ಕಿವಿ ಗುಂಯ್ ಅನ್ನುತ್ತದೆ, ಕತ್ತಲಲ್ಲಿ ಅದರ ಬೆಂಕಿ ಕಣ್ಣು ಕುಕ್ಕುತ್ತದೆ. ಒದೆತವೂ ಜಾಸ್ತಿ, ಗುರಿ ಮತ್ತೆ ಕೂರಿಸಲು ಹೊತ್ತು ಬೇಕು. ಭಾರದ ರಿವಾಲ್ವರ್, ಪಳಗಿದ ಕೈ ಇದ್ದವರಿಗೆ ಸರಿ.

ಉಳಿದವರಿಗೆ ಅದಕ್ಕಿಂತ ಮೆತ್ತಗಿನ .38 ಸ್ಪೆಷಲ್‌ನ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿ ಇರುವ ಗುಂಡು) ಸಾಕು ಅಲ್ವಾ? ತುದಿ ಅರಳುವುದರಿಂದ ದೇಹ ದಾಟಿ ಆಚೆ ಹೋಗುವ ಅಪಾಯ ಕಡಿಮೆ. ತೆಳು ಗೋಡೆ ಮಾತ್ರ ಇವು ಯಾವುದನ್ನೂ ತಡೆಯದು. ಆದರೆ 2 ಇಂಚಿನ ನಳಿಗೆಯಲ್ಲಿ ವೇಗ ಸಾಲದೆ ಹಾಲೋ ಪಾಯಿಂಟ್ ಅರಳದೇ ಇರಬಹುದು. ಅಲ್ಲಿ 148 ಗ್ರೇನ್ (ಗುಂಡಿನ ತೂಕದ ಅಳತೆ) ವಾಡ್‌ಕಟರ್, ಅಂದರೆ ಚಪ್ಪಟೆ ಮೂತಿಯ ಗುಂಡು, ವಾಸಿ: ಅರಳುವ ಹಂಗಿಲ್ಲ, ಒದೆತ ಕಡಿಮೆ. ಆ ಮೂತಿ ಮಾತ್ರ ಅವಸರದಲ್ಲಿ ತುಂಬುವಾಗ ಸಿಲಿಂಡರ್ ತೂತಿಗೆ ಸಲೀಸಾಗಿ ಇಳಿಯದು.

ಅಂದಹಾಗೆ, .357 ರಿವಾಲ್ವರ್‌ನಲ್ಲಿ .38 ನಡೆಯುತ್ತದೆ. ಉಲ್ಟಾ ಬೇಡವೇ ಬೇಡ.