ಜಿಡಿಎ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ಕೂಡಲೇ ಬಸ್ ಸ್ಟ್ಯಾಂಡ್ ಸುತ್ತಮುತ್ತ ಪೋಸ್ಟರ್ ಅಂಟಿಸುತ್ತಾರೆ: "ಪಾಸ್ ಆಗಲಿ ಫೇಲ್ ಆಗಲಿ, ಆರೇ ತಿಂಗಳಲ್ಲಿ ನರ್ಸಿಂಗ್ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ." ಅಂಥ ಒಂದು ಕಡೆ ನಾನು ಓದಿದೆ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಅವರು ಯಾವ ಯಾವ ರೀತಿ ಮೋಸ ಮಾಡಿದರು ಅನ್ನುವುದನ್ನು ಮಾತ್ರ ಬರೆಯುತ್ತೇನೆ, ಬೇರೆ ಊರಿನಲ್ಲಿ ಬೇರೆ ಬೋರ್ಡ್ ಹಾಕಿಕೊಂಡು ಇದನ್ನೇ ಮಾಡುವವರು ಇದ್ದಾರೆ.

ಅವರು ನಮಗೆ ಮಾರಿದ್ದು ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಜಿಡಿಎ ಕೋರ್ಸು. ಆರೋಗ್ಯ ಕ್ಷೇತ್ರದ ಕೌಶಲ ತರಬೇತಿಗಳನ್ನು ರೂಪಿಸುವ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ನಿಜವಾದ ಕೋರ್ಸೇ ಅದು, ಕೆಲಸವೂ ಮರ್ಯಾದೆಯ ಕೆಲಸ. ರೋಗಿಗೆ ಸ್ಪಾಂಜ್ ಬಾತ್ ಮಾಡಿಸುವುದು, ಬೆಡ್‌ಪ್ಯಾನ್ ಕೊಡುವುದು, ಮಲಗಿದ್ದಲ್ಲೇ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರ ಹೊರಗೆ ಬಂತು ಅಂತ ಚಾರ್ಟಿನಲ್ಲಿ ಬರೆಯುವುದು. ಆದರೆ ಇದು ನರ್ಸ್ ಕೆಲಸ ಅಲ್ಲ. ನರ್ಸ್ ಆಗಬೇಕಾದರೆ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಬೇಕು. ಜಿಡಿಎ ಮಾಡಿದವರಿಗೆ ಆ ರಿಜಿಸ್ಟ್ರೇಷನ್ ಸಿಗುವುದಿಲ್ಲ, ಇಂಜೆಕ್ಷನ್ ಕೊಡುವುದು ಅವರ ಕೆಲಸವೂ ಅಲ್ಲ. ನಮಗೆ ಮೊದಲ ದಿನದಿಂದಲೇ "ಸಿಸ್ಟರ್" ಅಂತ ಕರೆದು, ಬಿಳಿ ಕೋಟು ಹಾಕಿಸಿ ಫೋಟೋ ತೆಗೆದರು. ಅಪ್ಪ ಅಮ್ಮ ಆ ಫೋಟೋ ನೋಡಿ ಮಗಳು ನರ್ಸ್ ಆದಳು ಅಂದುಕೊಂಡು ಸಾಲ ಮಾಡಿ ಉಳಿದ ಕಂತು ಕಟ್ಟಿದರು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪರೀಕ್ಷೆಯ ತಯಾರಿ ಅಂತ ಕೊಟ್ಟದ್ದು ಒಂದು ಜೆರಾಕ್ಸ್ ಕಟ್ಟು. "ಇದರಲ್ಲಿ ಇರೋದೇ ಬರುತ್ತೆ, ಬಾಯಿಪಾಠ ಮಾಡಿ" ಅಂದರು. ಆಸ್ಪತ್ರೆ ಕಸ ವಿಂಗಡಿಸುವ ಪಾಠದಲ್ಲಿ ಕಪ್ಪು ಚೀಲವನ್ನೂ ವೈದ್ಯಕೀಯ ತ್ಯಾಜ್ಯಕ್ಕೆ ಸೇರಿಸಿದ್ದರು. ಅದು 1998ರ ನಿಯಮ. 2016ರಲ್ಲಿ ಹೊಸ ನಿಯಮ ಬಂದು ಬಣ್ಣಗಳೇ ಬದಲಾಗಿವೆ. ಈಗ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಡ್ರಿಪ್ ಟ್ಯೂಬು, ಕ್ಯಾಥೆಟರ್, ಗ್ಲೌಸ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿಕೊಳ್ಳದಂಥ ಬಿಳಿ ಡಬ್ಬಕ್ಕೆ. ಔಷಧಿಯ ಗಾಜಿನ ವಯಲ್ ನೀಲಿಗೆ. ವಾರ್ಡಿನಲ್ಲಿ ಸೂಜಿಯನ್ನು ತಪ್ಪು ಚೀಲಕ್ಕೆ ಹಾಕಿದರೆ ಅದು ಚುಚ್ಚುವುದು ಕಸ ಎತ್ತುವ ಅಕ್ಕನ ಕೈಗೆ. ಅದಕ್ಕೇ ಈ ಪಾಠದಲ್ಲಿ ತಪ್ಪು ಕಲಿಸಿದವರನ್ನು ನಾನು ಕ್ಷಮಿಸುವುದಿಲ್ಲ.

ಪ್ರಾಕ್ಟಿಕಲ್ ನಡೆಯಲೇ ಇಲ್ಲ. ಮೂಲೆಯ ಮಂಚದ ಮೇಲೆ ಒಂದು ಡಮ್ಮಿ ಇತ್ತು, ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ ಕವರ್ ಸಹ ಬಿಚ್ಚಿರಲಿಲ್ಲ. ಬಿಪಿ ಮೆಷಿನ್ನಿನ ಬಲ್ಬ್ ಒತ್ತಿದರೆ ಗಾಳಿ ಕಫ್‌ಗೆ ಏರುತ್ತಲೇ ಇರಲಿಲ್ಲ, ಪಕ್ಕದಿಂದ ಸೋರುತ್ತಿತ್ತು. ರಿಪೇರಿ ಯಾವಾಗ ಸರ್ ಅಂದರೆ "ಪರೀಕ್ಷೆಗೆ ರೀಡಿಂಗ್ 120/80 ಅಂತ ಬರೀರಿ, ಸಾಕು" ಅಂದರು.

ಪರೀಕ್ಷೆಯನ್ನೂ ಅದೇ ರೂಮಿನಲ್ಲಿ ಅವರೇ ನಡೆಸಿ, ಉತ್ತರವನ್ನೂ ಅವರೇ ಹೇಳಿ ಬರೆಸಿದರು. ಬಂಗಾರದ ಬಣ್ಣದ ಸೀಲು, ಕ್ಯೂಆರ್ ಕೋಡ್ ಇರುವ ಸರ್ಟಿಫಿಕೇಟ್ ಬಂತು. ಒಂದು ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋದಾಗ ಎಚ್‌ಆರ್ ಮೇಡಂ ಆ ಕೋಡನ್ನು ಸ್ಕ್ಯಾನ್ ಮಾಡಿ ಫೋನನ್ನು ನನ್ನ ಕಡೆ ತಿರುಗಿಸಿದರು. ತೆರೆದುಕೊಂಡಿದ್ದು ಆ ಸಂಸ್ಥೆಯದೇ ವೆಬ್‌ಸೈಟು, ಸರ್ಕಾರದ್ದಲ್ಲ. ಪಕ್ಕದಲ್ಲಿದ್ದ ನರ್ಸಿಂಗ್ ಸೂಪರಿಂಟೆಂಡೆಂಟ್, "ಹೋಗಲಿ, ಏಳಲಾರದ ರೋಗಿ ಮಲಗಿದ್ದ ಹಾಗೇ ಬೆಡ್‌ಶೀಟ್ ಬದಲಾಯಿಸಿ ತೋರಿಸಮ್ಮ" ಅಂದರು. ಮಂಚದ ಚಕ್ರ ಲಾಕ್ ಮಾಡಬೇಕು, ರೋಗಿಯನ್ನು ಯಾವ ಕಡೆ ತಿರುಗಿಸುತ್ತೇವೋ ಆ ಕಡೆಯ ರೇಲಿಂಗ್ ಮೊದಲು ಎತ್ತಬೇಕು ಅನ್ನುವುದನ್ನು ನನಗೆ ಹೇಳಿಕೊಟ್ಟದ್ದೇ ಆ ತಾಯಿ, ಅವತ್ತು, ನಿಂತ ಕಾಲಲ್ಲಿ.

ಇನ್ನು, ಸೇರುವ ಮೊದಲು ನೀವು ಕೇಳಬೇಕಾದದ್ದು. ನಿಜವಾದ ಜಿಡಿಎ ತರಬೇತಿಗೆ ನಿಮ್ಮ ಹೆಸರು ಆಧಾರ್ ಸಮೇತ ಕೇಂದ್ರ ಸರ್ಕಾರದ ವೆಬ್‌ಸೈಟಾದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ದಾಖಲಾಗಬೇಕು. "ಆಮೇಲೆ ಮಾಡ್ತೀವಿ" ಅಂದರೆ ಆಮೇಲೇ ದುಡ್ಡು ಕೊಡಿ. ಅಂತಿಮ ಪರೀಕ್ಷೆಯನ್ನು ಕಲಿಸಿದವರೇ ನಡೆಸುವ ಹಾಗಿಲ್ಲ, ಹೊರಗಿನ ಅಸೆಸರ್, ಅಂದರೆ ಪರೀಕ್ಷಕರು ಬರಬೇಕು. ಥಿಯರಿ ಜೊತೆಗೆ ಪ್ರಾಕ್ಟಿಕಲ್, ವೈವಾ ಇರುತ್ತದೆ. ಯಾವ ಆಸ್ಪತ್ರೆಯಲ್ಲಿ ವಾರ್ಡ್ ತರಬೇತಿ ಕೊಡಿಸುತ್ತೀರಿ ಅಂತ ಕೇಳಿ, ಆ ಆಸ್ಪತ್ರೆಗೇ ಹೋಗಿ ವಿಚಾರಿಸಿ. ಹಳೆಯ ಬ್ಯಾಚಿನ ಒಂದು ಸರ್ಟಿಫಿಕೇಟ್ ತೋರಿಸಲು ಹೇಳಿ, ಕ್ಯೂಆರ್ ಸ್ಕ್ಯಾನ್ ಮಾಡಿ, ಅದು ಯಾರ ವೆಬ್‌ಸೈಟಿಗೆ ಹೋಗುತ್ತದೆ ಅಂತ ವಿಳಾಸ ಪೂರ್ತಿ ಓದಿ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿದವರಿಂದ ಫೀಸ್ ತೆಗೆದುಕೊಳ್ಳುವಂತಿಲ್ಲ. ಆ ಯೋಜನೆಯ ಹೆಸರು ಹೇಳಿ ದುಡ್ಡು ಕೇಳುವವರು ಇದ್ದರೆ ಅಲ್ಲಿಂದ ಎದ್ದು ಬನ್ನಿ.

ಒಳ್ಳೆಯ ಜಾಗ ಸಿಕ್ಕಿದವರಿಗೂ ಒಂದು ಮಾತು. ಗೆಸ್ ಪೇಪರ್ ಹಿಂದೆ ಬೀಳಬೇಡಿ, ಅಸೆಸರ್ ನೋಡುವುದು ನಿಮ್ಮ ಕೈಯನ್ನು. ಸೋಪು ಹಾಕಿ ಕೈ ತೊಳೆಯುವುದಕ್ಕೆ 40ರಿಂದ 60 ಸೆಕೆಂಡ್ ಬೇಕು, ಹೆಬ್ಬೆರಳು, ಬೆರಳ ಸಂದು, ಉಗುರು ಬಿಡದೆ. ಮನೆಯಲ್ಲಿ ಅಕ್ಕನನ್ನೋ ಅಜ್ಜಿಯನ್ನೋ ಮಲಗಿಸಿ ಮಗ್ಗುಲು ಬದಲಿಸಿ ನೋಡಿ. ಮುಟ್ಟುವ ಮುಂಚೆ "ಅಜ್ಜೀ, ಈಗ ಎಡಕ್ಕೆ ತಿರುಗಿಸ್ತೀನಿ" ಅಂತ ಹೇಳುವ ಅಭ್ಯಾಸವೂ ಆಗ ಬರುತ್ತದೆ.

ನನ್ನ ಮಾರ್ಕ್ಸ್ ಕಾರ್ಡನ್ನು "ವೆರಿಫಿಕೇಷನ್‌ಗೆ" ಅಂತ ಇಸಿದುಕೊಂಡು, ಉಳಿದ ಫೀಸ್ ಕಟ್ಟುವ ತನಕ ಕೊಡುವುದಿಲ್ಲ ಅಂದಿದ್ದರು. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟ ಮೇಲೆ ವಾಪಸ್ ಬಂತು. ಒರಿಜಿನಲ್ ಯಾರ ಕೈಗೂ ಬಿಡಬೇಡಿ, ತೋರಿಸಿ ಜೆರಾಕ್ಸ್ ಕೊಡಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ, ಪೋಸ್ಟರಿನ ಫೋಟೋ ಇಟ್ಟುಕೊಳ್ಳಿ. ಈಗಾಗಲೇ ಸಿಕ್ಕಿಹಾಕಿಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಒಬ್ಬೊಬ್ಬರೇ ಹೋಗುವ ಬದಲು ಬ್ಯಾಚಿನವರೆಲ್ಲ ಸೇರಿ ದೂರು ಬರೆದು ಸಹಿ ಹಾಕಿ ಕೊಡಿ.