ತೀರ್ಥಹಳ್ಳಿ ಹತ್ರದ ಬೇಸಿಗೆ ಶಿಬಿರ, ಮಗಳನ್ನ ಕಳಿಸಿದ್ವಿ

ನಾನು ಚಿಕ್ಕೋಳಿದ್ದಾಗ ಅಪ್ಪ ಕೆಲಸಕ್ಕೆ ಅಂತ ಅಮೆರಿಕಾದ ಮಿಷಿಗನ್‌ನಲ್ಲಿದ್ರು, ಅಲ್ಲಿ ಬೇಸಿಗೆ ರಜೆ ಅಂದ್ರೆ ಜೂನ್‌ನಿಂದ ಆಗಸ್ಟ್, ನನ್ನನ್ನೂ ಒಂದು ಕ್ಯಾಂಪಿಗೆ ಹಾಕಿದ್ರು, ಮರದ ಕ್ಯಾಬಿನ್ನು, ಬಂಕ್ ಬೆಡ್ಡು, ರಾತ್ರಿ ಬೆಂಕಿ ಸುತ್ತ ಕೂತು ಕಡ್ಡಿಗೆ ಚುಚ್ಚಿ ಮಾರ್ಷ್‌ಮೆಲೋ ಅನ್ನೋ ಮೆತ್ತನೆ ಸಿಹಿ ಮಿಠಾಯಿ ಸುಡೋದು, ಹೊರಗೆ ಕರ್ರಗೆ, ಒಳಗೆ ಅಂಟಂಟು. ಮೊದಲ 2 ರಾತ್ರಿ ದಿಂಬು ನೆನೆಯೋ ಹಂಗೆ ಅತ್ತಿದ್ದೆ.

ಅದಕ್ಕೇ ಏಪ್ರಿಲ್‌ನಲ್ಲಿ ಮಗಳನ್ನ ಇಲ್ಲಿ ಬಿಟ್ಟು ಬರೋವಾಗ ಹೊಟ್ಟೆ ಕಿವುಚಿದಂಗಾಯ್ತು. ಆದ್ರೆ ಮೇಡಂ ದಿನಾ ಸಂಜೆ ಅವಳ ಕೈಲೇ ಫೋನ್ ಮಾಡಿಸಿದ್ರು, ಅದು ತುಂಬಾ ದೊಡ್ಡದು ನನಗೆ. ಬೆಳಗ್ಗೆ ಸಕ್ರೆಬೈಲು ಆನೆ ಬಿಡಾರಕ್ಕೆ ಕರ್ಕೊಂಡ್ ಹೋಗಿ ಆನೆಗಳಿಗೆ ತುಂಗೆಯಲ್ಲಿ ಸ್ನಾನ ಮಾಡ್ಸೋದು ತೋರಿಸಿದಾರೆ, ತಿಂಡಿಗೆ ಹಲಸಿನ ಹಣ್ಣಿನ ಕಡುಬು, ಮೇಲೆ ತುಪ್ಪ. 20 ಮಕ್ಕಳಿಗೆ 2 ಟಾಯ್ಲೆಟ್ ಸಾಲಲ್ಲ, ಅದೊಂದು ದಯವಿಟ್ಟು ಸರಿ ಮಾಡಿ. ಬರೋ ವರ್ಷಕ್ಕೆ ಈಗ್ಲೇ ಹೆಸರು ಬರೆಸಿದೀನಿ.