ಹಾಜರಿ ಹಾಕುವ ಕ್ಯಾಮೆರಾ ಮಕ್ಕಳ ಮನಸ್ಸಿಗೂ ಅಂಕ ಕೊಟ್ಟರೆ

ದಾವಣಗೆರೆಯ ಪಿಯು ಕಾಲೇಜು ಮತ್ತು ನೀಟ್–ಸಿಇಟಿ ಕೋಚಿಂಗ್ ಸೆಂಟರ್‌ಗಳ ಮುಂದೆ ಈಗ ಮುಖ ನೋಡಿ ಹಾಜರಿ ಹಾಕುವ ಸೇವೆ ಬಂದು ನಿಂತಿದೆ. ಬಾಗಿಲ ಬಳಿ ಒಂದು ಯಂತ್ರ, ತರಗತಿಯೊಳಗೆ ಒಂದು ಕ್ಯಾಮೆರಾ, ಅಪ್ಪ–ಅಮ್ಮನ ಮೊಬೈಲಿಗೆ ಒಂದು ಆ್ಯಪ್. ಕಂಪನಿಯ ಹೆಸರು ಬೇಡ. ಇದೇ ಸರಕನ್ನು ಬೇರೆ ಬೇರೆ ಹೆಸರಲ್ಲಿ ಮಾರುವವರು ಹಲವರಿದ್ದಾರೆ. ನಮ್ಮ ತೀರ್ಮಾನ ಮೊದಲೇ ಹೇಳುತ್ತೇವೆ: ಹಾಜರಿಯ ಭಾಗವನ್ನು ಷರತ್ತು ಹಾಕಿ ಬಳಸಬಹುದು. ತರಗತಿಯ ಕ್ಯಾಮೆರಾ ಮುಖಭಾವ ನೋಡಿ ಕೊಡುವ ‘ಗಮನ ಅಂಕ’ವನ್ನು ಮೊದಲ ದಿನವೇ ಆಫ್ ಮಾಡಿಸಬೇಕು.

ಯಂತ್ರವನ್ನು ಬಾಗಿಲಿಗೆ ಎದುರಾಗಿ ಕೂರಿಸಿದರೆ ಹೊರಗಿನ ಬಿಸಿಲು ಮಕ್ಕಳ ಬೆನ್ನ ಹಿಂದಿನಿಂದ ಬಂದು ಮುಖ ಕಪ್ಪಾಗುತ್ತದೆ, ಗುರುತು ಸಿಗುವುದಿಲ್ಲ. ಪಕ್ಕದ ಗೋಡೆಗೆ ಹಾಕಿಸಿ. ಜಗಳೂರು, ಹರಪನಹಳ್ಳಿ ಕಡೆಯ ಬಸ್ಸಿನಿಂದ ಮಕ್ಕಳು ಒಟ್ಟಿಗೆ ಇಳಿದು ಬಂದಾಗ ಸಾಲು ಬೆಳೆಯುತ್ತದೆ, ಆದ್ದರಿಂದ ಹಾಜರಿಯ ಅವಧಿಯನ್ನು ತೀರಾ ಬಿಗಿ ಮಾಡಬಾರದು. ಹಣ ಕೊಡುವ ಮುನ್ನ ಮೊಬೈಲ್ ಪರದೆಯಲ್ಲಿ ಒಬ್ಬ ವಿದ್ಯಾರ್ಥಿಯ ಫೋಟೊ ಹಿಡಿದು ತೋರಿಸಿ. ಯಂತ್ರ ಅದಕ್ಕೂ ಹಾಜರಿ ಹಾಕಿದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ.

ಕರಪತ್ರದಲ್ಲಿ ‘10,000 ಹೋಲಿಕೆಗೆ ಒಂದೇ ತಪ್ಪು’ ಎಂದಿದೆ. ಕೇಳಲು ಚೆನ್ನಾಗಿದೆ, ಲೆಕ್ಕ ಹಾಕಿದರೆ ಬೇರೆಯೇ. 400 ಮಕ್ಕಳ ನೋಂದಣಿ ಇದ್ದರೆ ಬಂದ ಪ್ರತಿ ಮುಖವನ್ನೂ 400 ಮುಖಗಳ ಜೊತೆ ಹೋಲಿಸುತ್ತದೆ. ಆಗ ನೋಂದಣಿಯಾಗದ ಒಬ್ಬ ಬಂದು ನಿಂತರೂ ಅವನನ್ನು ಬೇರೆ ಯಾರೋ ಎಂದು ಗುರುತಿಸುವ ಸಾಧ್ಯತೆ ಸುಮಾರು ಶೇ 4. ಎಷ್ಟು ಹೋಲಿದರೆ ಅದೇ ಮುಖ ಎಂದು ಒಪ್ಪಬೇಕು ಎಂಬ ಮಿತಿಯನ್ನು ಬಿಗಿ ಮಾಡಿದರೆ ಈ ತಪ್ಪು ಇಳಿಯುತ್ತದೆ, ಆದರೆ ನಿಜವಾಗಿ ಬಂದವರನ್ನೇ ‘ಗೊತ್ತಿಲ್ಲ’ ಎನ್ನುವುದು ಏರುತ್ತದೆ. ಅಮೆರಿಕ ಸರ್ಕಾರದ ಮಾನದಂಡಗಳ ಸಂಸ್ಥೆ ನಿಸ್ಟ್ 2019ರಲ್ಲಿ ಇಂಥ ತಂತ್ರಾಂಶಗಳನ್ನು ಪರೀಕ್ಷಿಸಿದಾಗ ತಪ್ಪು ಹೊಂದಿಕೆ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಮಕ್ಕಳಲ್ಲೂ ಜಾಸ್ತಿ ಎಂದು ಕಂಡಿತು. ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕಾದ ಕಡೆ ಇದು ಸಣ್ಣ ಮಾತಲ್ಲ. ಕಾಗದದ ಹಾಜರಿ ಪುಸ್ತಕ ಇರಲೇಬೇಕು, ತಪ್ಪನ್ನು ಅದೇ ದಿನ ತಿದ್ದುವ ಅಧಿಕಾರ ಉಪನ್ಯಾಸಕರ ಕೈಯಲ್ಲಿರಬೇಕು.

ಇನ್ನು ತರಗತಿಯೊಳಗಿನ ಕ್ಯಾಮೆರಾ. ಹುಬ್ಬು, ಕಣ್ಣು, ತಲೆಯ ಓರೆ ನೋಡಿ ‘ಬೇಸರ’, ‘ಗೊಂದಲ’, ‘ಆಸಕ್ತಿ’ ಎಂದು ಗುರುತು ಹಾಕಿ 100ಕ್ಕೆ ಅಂಕ ಕೊಡುತ್ತದೆ, ಸಂಜೆ ಅದು ಮನೆಗೆ ಹೋಗುತ್ತದೆ. ತಲೆ ತಗ್ಗಿಸಿ ನೋಟ್ಸ್ ಬರೆಯುತ್ತಿರುವ ಹುಡುಗಿಗೆ ಕಡಿಮೆ ಅಂಕ. ಬೋರ್ಡಿನ ಕಡೆ ಕಣ್ಣು ನೆಟ್ಟು ಬೇರೇನೋ ಯೋಚಿಸುವವನಿಗೆ ಹೆಚ್ಚು. ಮೆಳ್ಳೆಗಣ್ಣಿನ ಮಗುವಿಗೆ ದಿನವೂ ಅನ್ಯಾಯ. ಮುಖದ ಚಹರೆಯಿಂದ ಒಳಗಿನ ಭಾವ ಹೇಳುವುದಕ್ಕೆ ಗಟ್ಟಿ ಆಧಾರವಿಲ್ಲ ಎಂಬುದೇ ಮೂಲ ತೊಂದರೆ, ಹೊಸ ಕ್ಯಾಮೆರಾ ತಂದರೆ ಅದು ಸರಿಹೋಗದು.

ಐರೋಪ್ಯ ಒಕ್ಕೂಟದ ಎಐ ಕಾಯ್ದೆ ಶಾಲೆ ಮತ್ತು ಕೆಲಸದ ಜಾಗಗಳಲ್ಲಿ ಹೀಗೆ ಭಾವನೆ ಊಹಿಸುವುದನ್ನು 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ಬಿಡುವು. ದಂಡ 3.5 ಕೋಟಿ ಯೂರೊ ಅಥವಾ ಕಂಪನಿಯ ಜಾಗತಿಕ ವಹಿವಾಟಿನ ಶೇ 7, ಯಾವುದು ಹೆಚ್ಚೋ ಅಲ್ಲಿಯವರೆಗೆ. ಆ ಕಾಯ್ದೆ ದಾವಣಗೆರೆಯ ಕಾಲೇಜನ್ನು ಕಟ್ಟಿಹಾಕದು. ಆದರೆ ಅಲ್ಲಿ ಮಾರಲಾಗದ್ದನ್ನು ಇಲ್ಲಿನ ಮಕ್ಕಳ ಮೇಲೆ ಯಾಕೆ ಹಾಕಬೇಕು? 2023ರ ನವೆಂಬರಿನಲ್ಲಿ ಬ್ರಿಟನ್ನಿನ ಬ್ಲೆಚ್ಲಿಯಲ್ಲಿ ಭಾರತವೂ ಸೇರಿ 28 ದೇಶಗಳು ಮತ್ತು ಐರೋಪ್ಯ ಒಕ್ಕೂಟ ಒಪ್ಪಿದ ಎಐ ಸುರಕ್ಷತೆಯ ಘೋಷಣೆಯ ಮುಖ್ಯ ಚಿಂತೆ ಅತಿ ದೊಡ್ಡ ಎಐ ಮಾದರಿಗಳದ್ದು. ಅದು ಬೇಕಾದ್ದೇ. ಆದರೆ ತರಗತಿಯ ಗೋಡೆಯ ಮೇಲಿನ ಈ ಕ್ಯಾಮೆರಾ ಅಂಥ ಮಾತುಕತೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಅದೇ ನಮಗೆ ಆತಂಕ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅಂದರೆ ಪಿಯು ತರಗತಿಯ ಬಹುಪಾಲು. ಮಕ್ಕಳ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕು, ಮಕ್ಕಳ ಮೇಲೆ ನಿಗಾ ಇಡಬಾರದು ಎಂಬ ಕಲಮುಗಳಿಂದ ‘ಶಿಕ್ಷಣ ಸಂಸ್ಥೆಗೆ ವಿನಾಯಿತಿ ಇದೆ’ ಎಂದು ಮಾರುವವರು ಹೇಳುತ್ತಾರೆ. 2025ರ ನಿಯಮಗಳಲ್ಲಿ ವಿನಾಯಿತಿ ಇರುವುದು ನಿಜ, ಆದರೆ ಅದು ಆ ಸಂಸ್ಥೆಯ ಶೈಕ್ಷಣಿಕ ಕೆಲಸ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಮಾತ್ರ. ಮಗುವಿನ ಕ್ಷೇಮಕ್ಕೆ ಧಕ್ಕೆ ತರುವ ಬಳಕೆ ಕೂಡದು ಎಂಬ ಕಲಮಿಗೆ ವಿನಾಯಿತಿ ಇಲ್ಲ.

ಒಪ್ಪಿಗೆ ಪತ್ರವನ್ನು ಅಡ್ಮಿಷನ್ ಫಾರಂ ಜೊತೆಗೇ ಪಿನ್ ಮಾಡಿ ಸಹಿ ಹಾಕಿಸುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಸ್ವೀಡನ್ನಿನ ಶೆಲೆಫ್ಟಿಯೊ ನಗರದ ಒಂದು ಶಾಲೆ 22 ವಿದ್ಯಾರ್ಥಿಗಳ ಮೇಲೆ ಮೂರು ವಾರ ಮುಖ ಗುರುತಿನ ಹಾಜರಿ ಪ್ರಯೋಗಿಸಿದ್ದಕ್ಕೆ 2019ರಲ್ಲಿ ಅಲ್ಲಿನ ಸ್ಥಳೀಯ ಆಡಳಿತಕ್ಕೆ 2 ಲಕ್ಷ ಕ್ರೋನಾ ದಂಡ ಬಿತ್ತು. ಒಪ್ಪಿಗೆ ಪಡೆದಿದ್ದೇವೆ ಎಂದರೂ ನಡೆಯಲಿಲ್ಲ. ಶಾಲೆಯ ಕೈಕೆಳಗಿರುವ ವಿದ್ಯಾರ್ಥಿ ಕೊಟ್ಟ ಒಪ್ಪಿಗೆ ಮುಕ್ತವಲ್ಲ ಎಂದು ದತ್ತಾಂಶ ಪ್ರಾಧಿಕಾರ ಹೇಳಿತು. ಬೇಡ ಎಂದವರಿಗೆ ಐಡಿ ಕಾರ್ಡ್ ತೋರಿಸಿ ಹಾಜರಿ ಹಾಕುವ ದಾರಿ ಇದ್ದರೆ ಮಾತ್ರ ಈ ಯಂತ್ರ ತನ್ನಿ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮುಖದ ದತ್ತಾಂಶ ಎಲ್ಲಿರುತ್ತದೆ, ಟಿಸಿ ಪಡೆದ ಎಷ್ಟು ದಿನದೊಳಗೆ ಅಳಿಸುತ್ತಾರೆ ಎಂದು ಬರೆಸಿಕೊಳ್ಳಿ. 30 ದಿನ ಸಾಕು. ಕೊನೆಯ ಪುಟದಲ್ಲಿ ‘ಸೇವೆಯ ಸುಧಾರಣೆಗೆ ಬಳಸಬಹುದು’ ಎಂಬ ಸಾಲಿದೆ. ಮಕ್ಕಳ ಮುಖಗಳಿಂದ ಕಂಪನಿ ತನ್ನ ತಂತ್ರಾಂಶಕ್ಕೆ ತರಬೇತಿ ಕೊಡಲು ದಾರಿ ಮಾಡಿಕೊಡುವ ಸಾಲು ಅದೇ. ಅದನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಎರಡೂ ಕಡೆಯವರು ಸಹಿ ಮಾಡಿ.